ಹಿಂದಿನ ಸೀಟಲ್ಲಿ ಕೂತು, ಲೀಟರ್ ಲೆಕ್ಕ ಹಾಕಿ ಕಾರು ಆರಿಸಿದೆ

ಕಾರು ಮನೆಗೆ ಬಂದು ಹೆಚ್ಚುಕಡಿಮೆ ಒಂದೂವರೆ ವರ್ಷ ಆಯಿತು. ಹದಿನೆಂಟು ಸಾವಿರ ಕಿಲೋಮೀಟರ್ ಹತ್ತಿರ ಓಡಿದೆ. ಅವತ್ತು ಹಾಕಿದ ಲೆಕ್ಕಕ್ಕೂ ಇವತ್ತಿನ ಖರ್ಚಿಗೂ ತಾಳೆ ಆಗಿದೆ, ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ. ಬಾಡಿಗೆ ಕಾರು ತಂದು, ಹೆಂಡತಿ ಕೈಗೆ ಸ್ಟೀರಿಂಗ್ ಕೊಟ್ಟು, ನಾನು ನೋಟ್‌ಬುಕ್ ಹಿಡಿದು ಹಿಂದೆ ಕೂತು ಓಡಾಡುವಾಗ ನಮ್ಮ ಭಾವ ‘ಏನಯ್ಯಾ, ಕಾರು ತಗೋತೀಯೋ, ಪರೀಕ್ಷೆ ಬರೀತೀಯೋ?’ ಅಂತ ಕೇಳಿದ್ದರು. ಆಫೀಸಿನಲ್ಲೂ ಅದೇ ನಗು. ಎಲ್ಲರೂ ಹೇಳಿದ್ದು ಒಂದೇ ಮಾತು: ಶೋರೂಂಗೆ ಹೋಗು, ಇಷ್ಟ ಆದದ್ದನ್ನು ಬುಕ್ ಮಾಡು.

ಯಾವ ಕಾರು ತಗೊಂಡೆ ಅಂತ ಹೆಸರು ಹೇಳಲ್ಲ. ಹೇಳಿದರೆ ಮಾತೆಲ್ಲ ಆ ಕಾರಿನ ಸುತ್ತಲೇ ಸುತ್ತುತ್ತದೆ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಪಂಪ್) ಇಲ್ಲದ ಪೆಟ್ರೋಲ್ ಎಂಜಿನ್, ಆಟೋಮ್ಯಾಟಿಕ್ ಗೇರ್, ಸ್ವಲ್ಪ ಎತ್ತರದ ಮೈಕಟ್ಟು, ಮಧ್ಯದ ವೇರಿಯಂಟ್. ಇಷ್ಟು ಸಾಕು.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ. ಎಲ್ಲರಂತೆ ನಾನೂ ಎಕ್ಸೆಲ್ ಶೀಟ್ ಮಾಡಿದ್ದೆ. ನಲವತ್ತು ಕಾಲಂ ಇದ್ದಿರಬೇಕು. ಕೊನೆಗೆ ಎಲ್ಲ ಕಾರಿಗೂ ಹತ್ತಿರ ಹತ್ತಿರ ಒಂದೇ ಮಾರ್ಕ್ಸ್ ಬಂತು. ಸನ್‌ರೂಫ್‌ಗೂ ಹಿಂದಿನ ಎಸಿ ವೆಂಟ್‌ಗೂ ಒಂದೇ ತೂಕ ಕೊಟ್ಟರೆ ಇನ್ನೇನಾಗುತ್ತದೆ? ಆಮೇಲೆ ಟೆಸ್ಟ್ ಡ್ರೈವ್. ಅದು ಮುಗಿಯುವುದೇ ಹತ್ತು ಹದಿನೈದು ನಿಮಿಷದಲ್ಲಿ. ರಸ್ತೆ ಸೇಲ್ಸ್‌ನವರು ಆರಿಸಿದ್ದು, ಕಾರಿನಲ್ಲಿ ಇಬ್ಬರೇ, ಡಿಕ್ಕಿ ಖಾಲಿ. ಅಲ್ಲಿ ಎಲ್ಲ ಕಾರೂ ಚೆನ್ನಾಗೇ ಓಡುತ್ತವೆ. ಗೆಳೆಯರನ್ನು ಕೇಳಿದರೆ ತಮ್ಮ ಕಾರನ್ನು ಯಾರೂ ಬೈಯಲ್ಲ, ಮೈಲೇಜ್ ಕೇಳಿದರಂತೂ ಹೈವೇಯಲ್ಲಿ ಯಾವತ್ತೋ ಒಮ್ಮೆ ಬಂದ ನಂಬರ್ ಹೇಳುತ್ತಾರೆ.

ಬ್ರೋಷರ್ ಮೈಲೇಜ್ ಕಥೆ ನಿಮಗೂ ಗೊತ್ತು. ಲ್ಯಾಬ್‌ನಲ್ಲಿ ಡ್ರಮ್ ಮೇಲೆ ಚಕ್ರ ತಿರುಗಿಸಿ, ಎಸಿ ಆಫ್ ಮಾಡಿ ತೆಗೆದ ಅಂಕಿ. ಯುರೋಪಿನ ಹಳೆಯ ಮೈಲೇಜ್ ಟೆಸ್ಟ್ ಎನ್‌ಇಡಿಸಿ ಇಪ್ಪತ್ತು ನಿಮಿಷ, ಹನ್ನೊಂದು ಕಿಲೋಮೀಟರ್. ಅಲ್ಲಿ 2017ರಿಂದ ಬಂದ ಹೊಸ ಟೆಸ್ಟ್ ಡಬ್ಲ್ಯುಎಲ್‌ಟಿಪಿ ಮೂವತ್ತು ನಿಮಿಷ, ಸುಮಾರು ಇಪ್ಪತ್ಮೂರು ಕಿಲೋಮೀಟರ್, ವೇಗ ಗಂಟೆಗೆ 131 ಕಿಲೋಮೀಟರ್‌ವರೆಗೆ. ಇದು ಮೊದಲಿನದಕ್ಕಿಂತ ವಾಸಿ, ಆದರೆ ಇದರಲ್ಲೂ ಎಸಿ ಆಫೇ. ಒಂದು ಕಾರನ್ನು ಇನ್ನೊಂದರ ಪಕ್ಕ ಇಟ್ಟು ನೋಡಲು ಪರವಾಗಿಲ್ಲ, ನಮ್ಮ ಮನೆ ಖರ್ಚು ಲೆಕ್ಕ ಹಾಕಲು ಬರಲ್ಲ.

ಹಾಗಾಗಿ ಮೊದಲು ಹಳೆಯ ಕಾರಿನಲ್ಲೇ ಕೆಲವು ತಿಂಗಳು ಡೈರಿ ಬರೆದೆ. ಎಲ್ಲಿಗೆ ಹೋದೆವು, ಎಷ್ಟು ದೂರ, ಎಷ್ಟು ಜನ, ಡಿಕ್ಕಿಯಲ್ಲಿ ಏನಿತ್ತು, ಅಷ್ಟೇ. ವರ್ಷಕ್ಕೆ ಇಪ್ಪತ್ತು ಸಾವಿರ ಓಡುತ್ತೇವೆ ಅಂದುಕೊಂಡಿದ್ದೆವು, ಹನ್ನೆರಡು ಸಾವಿರ ದಾಟುತ್ತಿರಲಿಲ್ಲ. ಮುಕ್ಕಾಲು ಪಾಲು ಓಡಾಟ ಎಂಟು ಕಿಲೋಮೀಟರ್ ಒಳಗಿನದು. ಅಂದರೆ ಎಂಜಿನ್ ಸರಿಯಾಗಿ ಬಿಸಿ ಆಗುವ ಮೊದಲೇ ಆಫ್. ಐದೂ ಜನ ತುಂಬಿ ಲಗೇಜ್ ಹಾಕಿ ಹೋಗುವ ದೂರದ ಪ್ರಯಾಣ ವರ್ಷಕ್ಕೆ ನಾಲ್ಕೋ ಐದೋ. ಏಳು ಸೀಟಿನ ಕಾರು ಬೇಕೇ ಬೇಕು ಅನ್ನುತ್ತಿದ್ದ ವಾದ ಈ ಡೈರಿ ನೋಡಿದ ಮೇಲೆ ಮನೆಯಲ್ಲಿ ತಣ್ಣಗಾಯಿತು. ಮೂರನೇ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಎರಡು ಬ್ಯಾಗ್ ನಿಲ್ಲುವುದೂ ಕಷ್ಟ, ಅಲ್ವಾ?

ಈಗ ದುಡ್ಡಿನ ವಿಷಯ. ಇದು ನನ್ನದೇ ವಿಧಾನ, ಸ್ವಲ್ಪ ಹೆಮ್ಮೆ ಇದೆ. ಎರಡು ಕಾರಿನ ಬೆಲೆ ವ್ಯತ್ಯಾಸವನ್ನು ದುಡ್ಡಿನಲ್ಲಿ ನೋಡುವುದು ಬಿಟ್ಟು ಲೀಟರ್‌ನಲ್ಲಿ ನೋಡಿದೆ. ‘ಈ ಕಾರು ಅದಕ್ಕಿಂತ ಇಷ್ಟು ಲೀಟರ್ ಪೆಟ್ರೋಲಿನಷ್ಟು ದುಬಾರಿ’ ಅಂತ. ಮೈಲೇಜನ್ನೂ ಉಲ್ಟಾ ಮಾಡಿದೆ: ಲೀಟರಿಗೆ ಎಷ್ಟು ಕಿಲೋಮೀಟರ್ ಅನ್ನುವುದರ ಬದಲು ನೂರು ಕಿಲೋಮೀಟರಿಗೆ ಎಷ್ಟು ಲೀಟರ್. ಹೀಗೆ ಮಾಡದಿದ್ದರೆ ಕಣ್ಣಿಗೆ ಮೋಸ ಆಗುತ್ತದೆ. ಮೈಲೇಜ್ 12ರಿಂದ 15ಕ್ಕೆ ಏರಿದರೆ ನೂರು ಕಿಲೋಮೀಟರಿಗೆ ಒಂದೂಮುಕ್ಕಾಲು ಲೀಟರ್ ಹತ್ತಿರ ಉಳಿಯುತ್ತದೆ. 20ರಿಂದ 25ಕ್ಕೆ ಏರಿದರೆ ಉಳಿಯುವುದು ಒಂದೇ ಲೀಟರ್. ಐದು ದೊಡ್ಡದಾಗಿ ಕಾಣುತ್ತದೆ, ಜೇಬಿಗೆ ಮೂರೇ ದೊಡ್ಡದು.

ಪಟ್ಟಿಯಲ್ಲಿ ಉಳಿದವು ನಾಲ್ಕು: ಟರ್ಬೊ ಇಲ್ಲದ ಪೆಟ್ರೋಲ್, ಚಿಕ್ಕ ಟರ್ಬೊ ಪೆಟ್ರೋಲ್, ಡೀಸೆಲ್, ಹೈಬ್ರಿಡ್ (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರ್ ಇರುವುದು). ನಾಲ್ಕನ್ನೂ ಎರಡೆರಡು ದಿನ ತಂದು ಓಡಿಸಿದೆ, ಮೂರನ್ನು ಬಾಡಿಗೆಗೆ ತಂದು. ಇದಕ್ಕೇ ಎಲ್ಲರೂ ನಕ್ಕಿದ್ದು. ಇಂಧನ ಬಿಟ್ಟು ಬಾಡಿಗೆಗೆ ಒಟ್ಟು 200 ಲೀಟರ್ ಪೆಟ್ರೋಲಿನಷ್ಟು ಖರ್ಚಾಯಿತು. ಅದರ ಹತ್ತರಷ್ಟು ಉಳಿಸಿಕೊಂಡೆ ಅಂತ ಆಮೇಲೆ ಭಾವನೇ ಒಪ್ಪಿದರು. ನಾಲ್ಕನೇ ಕಾರು ಬಾಡಿಗೆಗೆ ಎಲ್ಲೂ ಸಿಗುತ್ತಿರಲಿಲ್ಲ. ಅದನ್ನು ಹೇಗೆ ಹೊಂದಿಸಿಕೊಂಡೆ ಅನ್ನುವುದು ನನ್ನಲ್ಲೇ ಇರಲಿ.

ಮೊದಲ ಬಾಡಿಗೆ ಕಾರಿನ ಅಂಕಿಗಳು ಕಸದ ಬುಟ್ಟಿಗೆ ಹೋದವು. ಮುಳ್ಳು ಫುಲ್ ತೋರಿಸುತ್ತಿತ್ತು, ಟ್ಯಾಂಕ್ ಫುಲ್ ಇರಲಿಲ್ಲ. ಜೊತೆಗೆ ಟೈರ್‌ಗಳಲ್ಲಿ 33 ಪಿಎಸ್‌ಐ ಇರಬೇಕಾದ ಕಡೆ 26 ಇತ್ತು. ಮೆತ್ತಗೆ ಓಡಿದ್ದು ಸಸ್ಪೆನ್ಷನ್ ಗುಣದಿಂದಲೋ ಗಾಳಿ ಕಮ್ಮಿ ಇದ್ದದ್ದರಿಂದಲೋ ಹೇಳುವುದು ಹೇಗೆ? ಆ ಕಾರನ್ನು ಮತ್ತೆ ಒಂದು ದಿನ ತರಬೇಕಾಯಿತು. ಅಲ್ಲಿಂದ ಮುಂದೆ ಕಾರು ಕೈಗೆ ಬಂದ ಕೂಡಲೇ ಟೈರ್ ತಣ್ಣಗಿರುವಾಗ ಗಾಳಿ ನೋಡುವುದು, ಡ್ರೈವರ್ ಬಾಗಿಲಿನ ಕಂಬದ ಸ್ಟಿಕರ್ ಪ್ರಕಾರ ಹಾಕಿಸುವುದು, ಅದೇ ಬಂಕ್, ಅದೇ ಪಂಪ್‌ನಲ್ಲಿ ಟ್ಯಾಂಕ್ ತುಂಬಿಸಿ ಮೊದಲ ಕ್ಲಿಕ್‌ಗೆ ನಿಲ್ಲಿಸುವುದು. ಸ್ಟಿಕರ್ ಮೇಲೆ ಎರಡು ಅಂಕಿ ಇರುತ್ತವೆ, ಫುಲ್ ಲೋಡ್‌ಗೆ ಬೇರೆ. ಅದನ್ನು ನೋಡುವವರು ಕಮ್ಮಿ.

ಡಿಸ್‌ಪ್ಲೇ ಮೇಲಿನ ಮೈಲೇಜನ್ನು ನಂಬಲಿಲ್ಲ. ಒಂದು ಕಾರಿನಲ್ಲಿ ನೂರು ಕಿಲೋಮೀಟರಿಗೆ 6.1 ಲೀಟರ್ ತೋರಿಸುತ್ತಿತ್ತು, ಟ್ಯಾಂಕ್ ತುಂಬಿಸಿ ಓಡಿಸಿ ಮತ್ತೆ ತುಂಬಿಸಿದ ಲೆಕ್ಕದಲ್ಲಿ 6.6 ಬಂತು. ಉಳಿದವೂ ಹೆಚ್ಚುಕಡಿಮೆ ಅಷ್ಟೇ ಸುಳ್ಳು ಹೇಳಿದವು, ಒಂದು ಮಾತ್ರ ಪ್ರಾಮಾಣಿಕ.

ನಮ್ಮ ದಾರಿಯಲ್ಲಿ, ನಮ್ಮ ಜನ ಕೂತು, ಎಸಿ ಹಾಕಿ ಬಂದ ಅಂಕಿ ನೆನಪಿನಿಂದ ಹೇಳುತ್ತೇನೆ. ನೂರು ಕಿಲೋಮೀಟರಿಗೆ ಟರ್ಬೊ ಇಲ್ಲದ ಪೆಟ್ರೋಲ್ 6.7, ಚಿಕ್ಕ ಟರ್ಬೊ 7.4, ಡೀಸೆಲ್ 5.1, ಹೈಬ್ರಿಡ್ 4.5. ಟರ್ಬೊ ಅಂಕಿ ನಿಲ್ಲುತ್ತಲೇ ಇರಲಿಲ್ಲ. ಹೆಂಡತಿ ನಿಧಾನವಾಗಿ ಓಡಿಸಿದರೆ 6.3, ನಾನು ಲೋಡ್ ಹಾಕಿಕೊಂಡು ಅವಸರ ಮಾಡಿದರೆ 9.

ಹೈಬ್ರಿಡ್ ಗೆದ್ದಿತು ಅನ್ನಿಸುತ್ತೆ, ಅಲ್ವಾ? ಲೀಟರ್ ಲೆಕ್ಕಕ್ಕೆ ಬನ್ನಿ. ಟರ್ಬೊ ಇಲ್ಲದ ಪೆಟ್ರೋಲಿಗೆ ಹೋಲಿಸಿದರೆ ನೂರು ಕಿಲೋಮೀಟರಿಗೆ 2.2 ಲೀಟರ್ ಉಳಿಯುತ್ತದೆ, ಹನ್ನೆರಡು ಸಾವಿರಕ್ಕೆ 264 ಲೀಟರ್. ಅದರ ಹೆಚ್ಚುವರಿ ಬೆಲೆ ಸುಮಾರು 2,600 ಲೀಟರ್. ವಾಪಸ್ ಬರಲು ಹತ್ತು ವರ್ಷ. ಡೀಸೆಲ್ ಉಳಿಸುವುದು 190 ಲೀಟರ್, ಜಾಸ್ತಿ ಕೊಡಬೇಕಾದದ್ದು 1,500, ಹತ್ತಿರ ಹತ್ತಿರ ಎಂಟು ವರ್ಷ. ಅದೂ ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತಲೆನೋವು ಬರದಿದ್ದರೆ. ನಮ್ಮಂಥ ಐದಾರು ಕಿಲೋಮೀಟರ್ ಓಡಾಟದಲ್ಲಿ ಆ ಫಿಲ್ಟರ್ ಒಳಗಿನ ಮಸಿ ಸುಡುವಷ್ಟು ಬಿಸಿಯೇ ಆಗಲ್ಲ. ವಾರಕ್ಕೊಮ್ಮೆ ಸುಮ್ನೆ ಹೈವೇಗೆ ಹೋಗಿ ಸುತ್ತಿಸಿಕೊಂಡು ಬರಬೇಕು. ಉಳಿಸಿದ ಡೀಸೆಲ್ ಅಲ್ಲೇ ಖಾಲಿ.

ವರ್ಷಕ್ಕೆ ಮೂವತ್ತು ಸಾವಿರ ಓಡಿಸುವವರು ನನ್ನ ಮಾತು ಕೇಳಬೇಡಿ. ನಿಮಗೆ ಅದೇ ಹೈಬ್ರಿಡ್ 660 ಲೀಟರ್ ಉಳಿಸುತ್ತದೆ, ನಾಲ್ಕು ವರ್ಷಕ್ಕೆ ದುಡ್ಡು ವಾಪಸ್. ಅದರಲ್ಲೂ ಸಿಟಿಯಲ್ಲಿ ನಿಂತು ನಿಂತು ಹೋಗುವವರಾದರೆ ಕಣ್ಣು ಮುಚ್ಚಿ ತಗೊಳ್ಳಿ. ಬ್ರೇಕ್ ಒತ್ತಿದಷ್ಟೂ ಬ್ಯಾಟರಿ ತುಂಬುವ ಗಾಡಿ ಅದು. ನೆಟ್ಟಗಿನ ಹೈವೇಯಲ್ಲಿ ಅದರ ಲಾಭ ಇಳಿಯುತ್ತದೆ.

ಇನ್ನು ಆರಾಮದ ವಿಷಯ. ಫ್ಯಾಮಿಲಿ ಕಾರು ಅಂದಮೇಲೆ ಓಡಿಸುವವನು ಒಬ್ಬ, ಕೂರುವವರು ನಾಲ್ಕು ಜನ. ಅದಕ್ಕೇ ನಾನು ಹಿಂದೆ ಕೂತದ್ದು. ಅಮ್ಮನಿಗೆ ಮಂಡಿ ನೋವು. ತಗ್ಗಿನ ಹ್ಯಾಚ್‌ಬ್ಯಾಕ್‌ನಲ್ಲಿ ಅವರು ಕೂರುತ್ತಿರಲಿಲ್ಲ, ಬೀಳುತ್ತಿದ್ದರು. ಎತ್ತರದ ಎಸ್‌ಯುವಿಗೆ ಹ್ಯಾಂಡಲ್ ಹಿಡಿದು ಹತ್ತಬೇಕು. ಟೇಪ್ ಹಿಡಿದು ಅಳೆದೆ. ನೆಲದಿಂದ ಸೀಟು 58ರಿಂದ 60 ಸೆಂಟಿಮೀಟರ್ ಇದ್ದರೆ ಅವರು ಪಕ್ಕಕ್ಕೆ ತಿರುಗಿ ಕೂತು, ಕಾಲು ಒಳಗೆ ತೆಗೆದುಕೊಂಡು, ಯಾರ ಕೈಯನ್ನೂ ಹಿಡಿಯದೆ ಹತ್ತುತ್ತಿದ್ದರು. ನಿಮ್ಮ ಮನೆಯವರಿಗೆ ಬೇರೆ ಅಳತೆ ಬರಬಹುದು, ಟೇಪ್ ಮಾತ್ರ ತಗೊಂಡು ಹೋಗಿ.

ಕಾಗದದ ಮೇಲೆ ಮೊದಲ ಸ್ಥಾನದಲ್ಲಿದ್ದ ಟರ್ಬೊ ಕಾರು ಬಿದ್ದದ್ದು ಒಂದು ಬಕಲ್‌ನಿಂದ. ಚಿಕ್ಕವನ ಚೈಲ್ಡ್ ಸೀಟನ್ನು ಕಾರಿನ ಸೀಟಿನಲ್ಲೇ ಇರುವ ಐಸೋಫಿಕ್ಸ್ ಕೊಂಡಿಗೆ ಸಿಕ್ಕಿಸಿದೆ, ಟಕ್ ಅಂತ ಕೂತಿತು. ದೊಡ್ಡವಳು ಮಧ್ಯದ ಸೀಟಿನಲ್ಲಿ ಕೂತು ಬೆಲ್ಟ್ ಎಳೆದುಕೊಂಡಳು. ಬಕಲ್ ಕಾಣಲಿಲ್ಲ. ಚೈಲ್ಡ್ ಸೀಟಿನ ಬುಡ ಅದರ ಮೇಲೆ ಹತ್ತಿ ಕೂತಿತ್ತು. ಎರಡು ಬೆರಳು ತೂರಿಸಿ ಅದನ್ನು ಮೇಲೆ ಎತ್ತಿ ಹಿಡಿದರೆ ಮಾತ್ರ ಬೆಲ್ಟ್ ಒಳಗೆ ಹೋಗುತ್ತದೆ. ದಿನಾ ಬೆಳಗ್ಗೆ ಶಾಲೆಗೆ ಹೊರಡುವ ಅವಸರದಲ್ಲಿ ಇದು ಆಗುವ ಕೆಲಸವೇ? ಹೆಂಡತಿ ನೋಟ್‌ಬುಕ್ ಕಸಿದುಕೊಂಡು ಆ ಕಾರಿನ ಮೇಲೆ ಅಡ್ಡಗೆರೆ ಎಳೆದಳು. ಶೋರೂಂನಲ್ಲಿ ಚೈಲ್ಡ್ ಸೀಟ್ ಹಾಕಿ ನೋಡುವವರನ್ನು ನಾನಂತೂ ಕಂಡಿಲ್ಲ.

ಡಿಕ್ಕಿಯ ಲೀಟರ್ ಅಂಕಿಯೂ ಹಾಗೇ. ಕೆಲವರು 20×10×5 ಸೆಂಟಿಮೀಟರಿನ ಒಂದು ಲೀಟರ್ ಬ್ಲಾಕ್‌ಗಳನ್ನು ಜೋಡಿಸಿ ಅಳೆಯುತ್ತಾರೆ. ಕೆಲವರು ಮೇಲಿನ ಹಲಗೆವರೆಗೆ, ಕೆಲವರು ಛಾವಣಿವರೆಗೆ. ನಾನು ನಮ್ಮ ಎರಡು ಸೂಟ್‌ಕೇಸ್ ಮತ್ತು ಮಗುವಿನ ತಳ್ಳುಗಾಡಿ ಒಯ್ದು ಹಾಕಿ ನೋಡಿದೆ. 400 ಲೀಟರ್ ಅಂದ ಕಾರಿನಲ್ಲಿ ತಳ್ಳುಗಾಡಿ ಅಡ್ಡ ಕೂರಲಿಲ್ಲ, 350 ಅಂದದ್ದರಲ್ಲಿ ಕೂತಿತು. ಚಕ್ರದ ಉಬ್ಬು ಎಲ್ಲಿದೆ, ಬಾಯಿ ಎಷ್ಟು ಅಗಲ, ಅದೇ ಮುಖ್ಯ.

ವೇರಿಯಂಟ್ ಆರಿಸುವಾಗ ಒಂದು ಅಡ್ಡ ಪ್ರಯೋಗಕ್ಕೆ ಇಳಿದೆ. ಟಾಪ್ ವೇರಿಯಂಟ್‌ಗೆ 17 ಇಂಚಿನ ಚಕ್ರ, ಮಧ್ಯದ್ದಕ್ಕೆ 16. ಉಳಿದದ್ದೆಲ್ಲ ಒಂದೇ. ಫೋನನ್ನು ಹಿಂದಿನ ಸೀಟಿನ ಕೆಳಗೆ ನೆಲಕ್ಕೆ ಟೇಪ್ ಹಾಕಿ ಅಂಟಿಸಿ, ಕುಲುಕಾಟ ಅಳೆಯುವ ಆ್ಯಪ್ ಹಾಕಿ, ಗುಂಡಿ ಬಿದ್ದ ಒಂದೇ ರಸ್ತೆಯಲ್ಲಿ ಒಂದೇ ವೇಗದಲ್ಲಿ ಎರಡನ್ನೂ ಓಡಿಸಿದೆ. ದೊಡ್ಡ ಚಕ್ರದ್ದು ಹದಿನೈದು ಶೇಕಡಾ ಹತ್ತಿರ ಜಾಸ್ತಿ ಕುಲುಕಿತು. ಆ ವೇರಿಯಂಟ್‌ನ ಹೆಚ್ಚುವರಿ ಬೆಲೆ ಸುಮಾರು 900 ಲೀಟರ್, ಮುಂದೆ ಟೈರ್ ಬದಲಿಸುವಾಗಲೂ ಕಾಲುಭಾಗ ಜಾಸ್ತಿ, ಇನ್ಶೂರೆನ್ಸೂ ಜಾಸ್ತಿ. ಜಾಸ್ತಿ ದುಡ್ಡು ಕೊಟ್ಟು ಅಮ್ಮನ ಸೊಂಟ ಕುಲುಕಿಸುವುದು ಯಾಕೆ ಅಂತ ಬಿಟ್ಟೆ. ಆರು ಏರ್‌ಬ್ಯಾಗ್ ಎರಡರಲ್ಲೂ ಇತ್ತು. ಇಲ್ಲದಿದ್ದರೆ ಮೇಲಿನದೇ ತಗೊಳ್ಳುತ್ತಿದ್ದೆ, ಅದರಲ್ಲಿ ಲೆಕ್ಕ ಹಾಕುವಂಥದ್ದೇನಿಲ್ಲ.

ಸದ್ದನ್ನೂ ಫೋನಿನಲ್ಲೇ ಅಳೆದೆ. ಕಾಂಕ್ರೀಟ್ ರಸ್ತೆಯಿಂದ ನುಣುಪು ಡಾಂಬರಿಗೆ ಬಂದರೆ ಅದೇ ಕಾರಿನಲ್ಲಿ ಐದಾರು ಡೆಸಿಬಲ್ ಇಳಿಯುತ್ತದೆ. ಹಾಗಾಗಿ ಬೇರೆ ಬೇರೆ ರಸ್ತೆಯ ಅಂಕಿ ಹೋಲಿಸಬೇಡಿ. ಸವೆದ ಟೈರೂ ಜೋರು ಸದ್ದು ಮಾಡುತ್ತದೆ, ಅದಕ್ಕೆ ಕಾರನ್ನು ದೂರಬೇಡಿ.

ತಗೊಂಡ ಮೇಲೆ ಮಾಡಿದ ಇನ್ನೊಂದು ಪ್ರಯೋಗ: ಅದೇ ಹೈವೇ, ಒಮ್ಮೆ 80ರಲ್ಲಿ, ಒಮ್ಮೆ 100ರಲ್ಲಿ. ಮೊದಲನೆಯದಕ್ಕೆ 5.2, ಎರಡನೆಯದಕ್ಕೆ 6.3. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, 100ಕ್ಕೆ ಬಂದರೆ ಒಂದೂವರೆ ಪಟ್ಟು ದಾಟುತ್ತದೆ. ನೂರು ಕಿಲೋಮೀಟರಿಗೆ ಹದಿನೈದು ನಿಮಿಷ ಬೇಗ ತಲುಪಲು ಒಂದು ಲೀಟರ್‌ಗಿಂತ ಜಾಸ್ತಿ. ಮಕ್ಕಳು ಅಳುತ್ತಿದ್ದರೆ ಆ ಲೀಟರ್ ಕೊಡುತ್ತೇನೆ, ಮಲಗಿದ್ದರೆ ಕೊಡಲ್ಲ.

ಇಷ್ಟು ದಿನದ ಸರಾಸರಿ 6.5 ಆಸುಪಾಸು. ಹಳೆಯ ಕಾರು 8.3 ಕುಡಿಯುತ್ತಿತ್ತು. ವರ್ಷಕ್ಕೆ ಇನ್ನೂರು ಲೀಟರ್ ಉಳಿತಾಯ, ಬಾಡಿಗೆಗೆ ಕೊಟ್ಟದ್ದು ಮೊದಲ ವರ್ಷವೇ ತೀರಿತು. ಕೊರತೆ ಇಲ್ಲವೆಂದಲ್ಲ. ಲೋಡ್ ಹಾಕಿ ಏರು ಹತ್ತುವಾಗ ಎಂಜಿನ್ ಕಿರುಚುತ್ತದೆ, ಓವರ್‌ಟೇಕ್‌ಗೆ ಮೊದಲೇ ಯೋಚಿಸಬೇಕು. ಹಿಂದಿನ ಸೀಟಿನ ಮಧ್ಯಕ್ಕೆ ತಲೆ ಆನಿಸುವ ದಿಂಬು ಇನ್ನೂ ಸ್ವಲ್ಪ ಎತ್ತರ ಬೇಕಿತ್ತು.

ಬುಕಿಂಗ್ ವೇಳೆ ಕೊನೆಯ ಚೌಕಾಸಿಯಲ್ಲಿ ಇನ್ನೂ ಒಂದಷ್ಟು ಲೀಟರ್ ಇಳಿಸಿದೆ. ಹೇಗೆ ಅನ್ನುವುದು ಭಾವನಿಗೂ ಹೇಳಿಲ್ಲ. ಅವರು ಹೋದ ತಿಂಗಳು ಟೇಪು, ಗಾಳಿ ನೋಡುವ ಗೇಜು, ಚೈಲ್ಡ್ ಸೀಟು ಮೂರನ್ನೂ ಕೇಳಿ ತಗೊಂಡು ಹೋಗಿದ್ದಾರೆ. ಅವರ ಡೈರಿ ಇನ್ನೂ ಎರಡನೇ ವಾರದಲ್ಲಿದೆ.