ಪೈಪ್ ಮುಟ್ಟಿ ನೋಡಿದ್ಯಾ?

ನಮ್ಮದು 1996ರ ಡೀಸೆಲ್ ಮೋಟರ್‌ಹೋಮ್. ಹಿಂದೆ ಮಲಗುವ ಜಾಗಕ್ಕೆ ಗ್ಯಾಸ್ ಹೀಟರ್ ಇದೆ, ರಾತ್ರಿ ನಿಂತಾಗ ಬೆಚ್ಚಗಿರುತ್ತದೆ. ತೊಂದರೆ ಇದ್ದದ್ದು ಓಡುವಾಗ, ಮುಂದಿನ ಕ್ಯಾಬಿನ್‌ನಲ್ಲಿ. ಕಳೆದ ನವೆಂಬರ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್‌ನಿಂದ ಸ್ಕಾಟ್ಲೆಂಡಿನ ಗ್ಲೆನ್‌ಕೋಗೆ ಹೊರಟಿದ್ದೆವು. ಲೋಮಂಡ್ ಸರೋವರದ ಪಕ್ಕದ ಎ82 ರಸ್ತೆಗೆ ಬರುವ ಹೊತ್ತಿಗೆ ಹೆಂಡತಿ ಎರಡು ಕಂಬಳಿ ಹೊದ್ದಿದ್ದಳು. "ರೀ, ಹಿಂದಿರೋ ಫ್ರಿಜ್ಜಲ್ಲಿ ಕೂತ್ರೆ ಇದಕ್ಕಿಂತ ಬೆಚ್ಚಗಿರುತ್ತೆ" ಅಂದಳು. ಚಳಿ ತಡೆದುಕೊಳ್ಳಬಹುದು. ಆದರೆ ಮುಂದಿನ ಗಾಜಿನ ಒಳಗೆಲ್ಲ ಮಂಜು ಕಟ್ಟುತ್ತಿತ್ತು. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಒರೆಸೋ ಬಟ್ಟೆ. ಅದು ಆಟವಲ್ಲ. ಎಲ್ಲ ಗಾಜೂ ಚೆನ್ನಾಗಿ ಕಾಣದೆ ಗಾಡಿ ಹೊರಡಿಸಲೇಬಾರದು ಅಂತ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಹೇಳುತ್ತದೆ.

ವಾಪಸ್ ಬಂದ ಮೇಲೆ ಒಂದು ಗ್ಯಾರೇಜ್‌ನಲ್ಲಿ ತೋರಿಸಿದೆ. ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಿ, ಗಾಳಿ ಬಿಸಿ ಮಾಡುವ ಹೀಟರ್ ಮ್ಯಾಟ್ರಿಕ್ಸ್ ಬದಲಾಯಿಸಬೇಕು ಅಂದರು. ಕೂಲಿಯ ಮೊತ್ತ ಕೇಳಿ ಮೈ ಅಲ್ಲೇ ಬೆಚ್ಚಗಾಯಿತು.

ಹಾಸನದಲ್ಲಿ ಲಾರಿ ರಿಪೇರಿ ಮಾಡುವ ಅಣ್ಣನಿಗೆ ಫೋನ್ ಮಾಡಿದೆ. ಅವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. "ಪೈಪ್ ಮುಟ್ಟಿ ನೋಡಿದ್ಯಾ?"

"ಯಾವ ಪೈಪು?"

"ಲೋ, ಶಿರಾಡಿ ಘಾಟಿ ಹತ್ತುವಾಗ ಇಂಜಿನ್ ಕಾದ್ರೆ ಹೀಟರ್ ಹಾಕ್ತೀವಿ. ಯಾಕೆ ಹೇಳು?"

ಆಗ ತಲೆಗೆ ಹೋಯಿತು. ಹೀಟರ್ ಮ್ಯಾಟ್ರಿಕ್ಸ್ ಅಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಇನ್ನೊಂದು ಪುಟ್ಟ ರೇಡಿಯೇಟರ್, ಅಷ್ಟೇ. ಇಂಜಿನ್‌ನ ಬಿಸಿ ನೀರು ಒಂದು ಪೈಪಲ್ಲಿ ಬಂದು ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ಫ್ಯಾನು ಅದರ ಮೇಲೆ ಗಾಳಿ ಊದುತ್ತದೆ. ಹಾಗಾಗಿ ನೋಡಬೇಕಾದ್ದು ಎರಡೇ. ನೀರು ಬಿಸಿಯಾಗುತ್ತಿದೆಯಾ? ಬಿಸಿಯಾದ ನೀರು ಅಲ್ಲಿಗೆ ಮುಟ್ಟುತ್ತಿದೆಯಾ?

ಇಪ್ಪತ್ತು ನಿಮಿಷ ರಸ್ತೆಯಲ್ಲಿ ಓಡಿಸಿ ಬಂದೆ. ಮನೆ ಮುಂದೆ ಸುಮ್ನೆ ಸ್ಟಾರ್ಟ್ ಮಾಡಿ ಬಿಟ್ಟರೆ ಡೀಸೆಲ್ ಇಂಜಿನ್ ಅಷ್ಟು ಬೇಗ ಕಾಯುವುದಿಲ್ಲ. ಇಂಜಿನ್ ಆಫ್ ಮಾಡಿ, ಕ್ಯಾಬಿನ್ ಗೋಡೆಯೊಳಗೆ ಹೋಗುವ ಎರಡು ಪೈಪ್‌ಗಳನ್ನು ಮುಟ್ಟಿದೆ. ಮೊದಲು ಬೆರಳ ತುದಿ ತಾಗಿಸಿ ನೋಡಿ, ಬಿಸಿ ಇದ್ದರೆ ಚರ್ಮ ಸುಲಿಯುತ್ತದೆ. ನನಗೆ ಆ ಭಯ ಬೇಕಿರಲಿಲ್ಲ. ಎರಡೂ ಉಗುರುಬೆಚ್ಚಗಿದ್ದವು. ಇಂಜಿನ್ ಬಿಸಿ ತೋರಿಸುವ ಮೀಟರ್ ಮುಳ್ಳು ಕೂಡ ಕಾಲು ಭಾಗ ದಾಟಿರಲಿಲ್ಲ. ಎಷ್ಟೋ ತಿಂಗಳಿಂದ ಅದು ಅಲ್ಲೇ ಇತ್ತು. ಇಂಜಿನ್ ತಂಪಾಗಿದೆ, ಒಳ್ಳೇದೇ ಅಲ್ವಾ ಅಂದುಕೊಂಡಿದ್ದೆ! ಅದು ಥರ್ಮೋಸ್ಟಾಟ್, ಅಂದರೆ ಇಂಜಿನ್ ಕಾಯುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್, ತೆರೆದೇ ನಿಂತಿರುವ ಗುರುತು. ಮುಚ್ಚಿಕೊಳ್ಳದಿದ್ದರೆ ನೀರು ಸದಾ ದೊಡ್ಡ ರೇಡಿಯೇಟರ್‌ಗೆ ಹೋಗಿ ತಣ್ಣಗಾಗುತ್ತಲೇ ಇರುತ್ತದೆ.

ಇಂಜಿನ್ ಪೂರ್ತಿ ಆರಿದ ಮೇಲೆಯೇ ಮುಚ್ಚಳ ತೆಗೆದು ಕೂಲಂಟ್, ಅಂದರೆ ಇಂಜಿನ್ ತಂಪು ಮಾಡುವ ಆ ನೀರು, ಇಳಿಸಿದೆ. ಥರ್ಮೋಸ್ಟಾಟ್ ಬಿಚ್ಚಿದರೆ, ತಣ್ಣಗಿದ್ದರೂ ಬಾಯಿ ಬಿಟ್ಟುಕೊಂಡೇ ಕೂತಿತ್ತು. ಹೊಸದನ್ನು ಹಾಕುವ ಮೊದಲು ನೀರಲ್ಲಿ ಕುದಿಸಿ ನೋಡಿದೆ. 80 ಡಿಗ್ರಿ ದಾಟಿದ ಮೇಲೆ ಮೆಲ್ಲಗೆ ತೆರೆದುಕೊಂಡಿತು. ಅಡುಗೆ ಪಾತ್ರೆ ಮುಟ್ಟಬೇಡಿ, ಹಳೇ ಪೇಂಟ್ ಡಬ್ಬ ಸಾಕು. ಇಳಿಸಿದ ಕೂಲಂಟನ್ನೂ ತೆರೆದ ಬಕೆಟ್‌ನಲ್ಲಿ ಬಿಡಬೇಡಿ. ಅದು ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕಿದರೆ ಸಾಯುತ್ತವೆ. ಚರಂಡಿಗೂ ಸುರಿಯಬಾರದು.

ಮತ್ತೆ ತುಂಬಿಸಿ ಹೊರಟರೆ ಡ್ಯಾಶ್‌ಬೋರ್ಡ್ ಒಳಗಿಂದ ಗುಳುಗುಳು ಸದ್ದು. ಗಾಳಿ ಸಿಕ್ಕಿಹಾಕಿಕೊಂಡಿತ್ತು. ಇದಕ್ಕೆ ಆತುರ ಬೇಡ. ಗಾಡಿಯ ಮುಂಭಾಗ ಮೇಲಿರುವಂತೆ ಏರಿನಲ್ಲಿ ನಿಲ್ಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಟ್ಟೆ. ಹೀಟರ್ ಗುಂಡಿ ಪೂರ್ತಿ ಬಿಸಿಗೆ ತಿರುಗಿಸಿ, ಹೀಟರ್ ಪೈಪಿನ ಮೇಲಿದ್ದ ಪುಟ್ಟ ಸ್ಕ್ರೂ ಸಡಿಲಿಸಿ, ಪೈಪ್ ಹಿಸುಕುತ್ತಾ ನಿಧಾನಕ್ಕೆ ಕೂಲಂಟ್ ಹೊಯ್ದೆ. ಗುಳ್ಳೆ ನಿಂತು ನೀರು ಒಂದೇ ಸಮ ಬಂದಾಗ ಸ್ಕ್ರೂ ಬಿಗಿದೆ.

ಮುಳ್ಳು ಈಗ ಅರ್ಧಕ್ಕೆ ಬಂದು ನಿಂತಿತು. ಗಾಳಿ ಮಾತ್ರ ಇನ್ನೂ ಉಗುರುಬೆಚ್ಚಗೆ. ಮತ್ತೆ ಪೈಪ್ ಮುಟ್ಟಿದೆ. ಒಂದು ಸುಡುತ್ತಿತ್ತು, ಇನ್ನೊಂದು ತಣ್ಣಗೆ. ಅಂದರೆ ನೀರು ಕಾಯುತ್ತಿದೆ, ಹರಿಯುತ್ತಿಲ್ಲ. ಸೀಟಲ್ಲಿ ಹೆಂಡತಿಯನ್ನು ಕೂರಿಸಿ ಗುಂಡಿ ತಿರುಗಿಸಲು ಹೇಳಿ, ನಾನು ಹೀಟರ್‌ಗೆ ನೀರು ಬಿಡುವ ವಾಲ್ವ್ ನೋಡುತ್ತಾ ನಿಂತೆ. ಗುಂಡಿಯಿಂದ ವಾಲ್ವ್‌ಗೆ ಬರುವ ಕೇಬಲ್‌ನ ಹೊರಕವಚ ಕ್ಲಿಪ್‌ನಿಂದ ಜಾರಿತ್ತು. ಹಾಗಾಗಿ ವಾಲ್ವ್ ಅರ್ಧ ಮಾತ್ರ ತೆರೆಯುತ್ತಿತ್ತು. ಒಂದು ಸಣ್ಣ ಕ್ಲಿಪ್, ಐದು ನಿಮಿಷ. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ.

ಉಳಿದದ್ದು ಮ್ಯಾಟ್ರಿಕ್ಸ್. ಮತ್ತೆ ಕೂಲಂಟ್ ಇಳಿಸಬೇಕು. ಮೊದಲ ಸಲ ನೀರು ತೆಗೆದಾಗಲೇ ಇದನ್ನೂ ತೊಳೆದುಬಿಟ್ಟಿದ್ದರೆ ಒಂದು ಭಾನುವಾರ ಉಳಿಯುತ್ತಿತ್ತು. ಎರಡೂ ಪೈಪ್ ಕಳಚಿ, ನೀರು ಹೊರಗೆ ಹೋಗುವ ಬಾಯಿಗೆ ತೋಟದ ಪೈಪ್ ಹಿಡಿದು ಉಲ್ಟಾ ಹರಿಸಿದೆ. ನಲ್ಲಿ ಕಾಲು ಭಾಗ ಮಾತ್ರ ತಿರುಗಿಸಿದ್ದೆ. ಜೋರಾಗಿ ಬಿಟ್ಟರೆ ಹಳೇ ಮ್ಯಾಟ್ರಿಕ್ಸ್ ಒಡೆದು ಕಾರ್ಪೆಟ್ ಮೇಲೆ ಕೆರೆಯಾಗುತ್ತದೆ. ಮೊದಲು ತೊಟ್ಟು ತೊಟ್ಟು. ಆಮೇಲೆ ಒಮ್ಮೆಲೇ ಕಾಫಿ ಚರಟದಂಥ ಕೆಸರು ಕಿತ್ತುಕೊಂಡು ಬಂತು. ಹಿಂದೆ ಮುಂದೆ ಬದಲಾಯಿಸುತ್ತಾ ನೀರು ತಿಳಿಯಾಗುವವರೆಗೂ ಬಿಟ್ಟೆ. ಇಷ್ಟು ಮಡ್ಡಿ ಕಟ್ಟಲು ಕಾರಣ, ವರ್ಷಗಟ್ಟಲೆ ಕೂಲಂಟ್ ಬದಲಾಯಿಸದೆ ಬರೀ ನೀರು ಸುರಿದದ್ದು. ಸುರಿದವನೂ ನಾನೇ. ಈ ಸಲ ಅರ್ಧ ಕೂಲಂಟ್, ಅರ್ಧ ಶುದ್ಧ ನೀರು. ಆ ಅಳತೆಯಲ್ಲಿ ಮೈನಸ್ 35ರ ಆಸುಪಾಸಿನವರೆಗೂ ಹೆಪ್ಪುಗಟ್ಟುವುದಿಲ್ಲ.

ಫ್ಯಾನ್ ಬರೀ ನಾಲ್ಕನೇ ಸ್ಪೀಡಲ್ಲಿ ತಿರುಗುತ್ತಿತ್ತು. ಅದು ಫ್ಯಾನಿನ ಸ್ಪೀಡ್ ಕಡಿಮೆ ಮಾಡುವ ರೆಸಿಸ್ಟರ್ ಸುಟ್ಟದ್ದು. ಸೆಕೆಂಡ್‌ಹ್ಯಾಂಡ್ ಒಂದು ಸಿಕ್ಕಿತು, ಎರಡು ಸ್ಕ್ರೂ ಕೆಲಸ.

ಅಡುಗೆ ಥರ್ಮಾಮೀಟರ್ ಹಿಡಿದು ನೋಡಿದರೆ ಗಾಳಿ 52 ಡಿಗ್ರಿ. ಡ್ಯಾಶ್‌ಬೋರ್ಡ್ ಬಿಚ್ಚಲೇ ಇಲ್ಲ. ಅಣ್ಣನಿಗೆ ಫೋಟೋ ಕಳಿಸಿದೆ. "ಅಷ್ಟು ಬಿಸಿ ಗಾಳಿಗೆ ಇಲ್ಲಿ ಕಿಟಕಿ ತೆಗೆದ್ರೆ ಸಾಕು" ಅಂತ ಉತ್ತರ ಬಂತು.

ಫೆಬ್ರವರಿಯಲ್ಲಿ ಮತ್ತೆ ಉತ್ತರಕ್ಕೆ ಹೋದೆವು. ಕಂಬಳಿ ಹಿಂದಿನ ಸೀಟಲ್ಲೇ ಇತ್ತು. ಹೆಂಡತಿಯ ದೂರು ಈಗ ಬೇರೆ. ಕಾಲು ಸುಡುತ್ತೆ, ಮುಖಕ್ಕೆ ಗಾಳಿ ಬರಲ್ಲ. ಗಾಳಿಯ ದಿಕ್ಕು ಬದಲಿಸುವ ಫ್ಲಾಪ್‌ನ ಕೇಬಲ್ ಇನ್ನೂ ನೋಡಿಲ್ಲ.