ಚೆನ್ನೆಮಣೆಯ ಕಾಯಿ ಹಿಡಿದು ಮೆಂಡೆಲ್ ಪಾಠ

ಉಡುಪಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಟೀಚರ್. ಹತ್ತನೇ ಕ್ಲಾಸಿನ ಅನುವಂಶೀಯತೆ ಪಾಠದಲ್ಲಿ ಪ್ರತಿ ವರ್ಷ ಮಕ್ಕಳು ಒಂದೇ ಕಡೆ ಎಡವುತ್ತಿದ್ದರು. ಬಟಾಣಿ ಗಿಡಗಳಲ್ಲಿ ಅನುವಂಶೀಯತೆಯ ನಿಯಮ ಕಂಡುಹಿಡಿದ ಮೆಂಡೆಲ್‌ನ ಲೆಕ್ಕ, ಅಂದರೆ ಮೂರು ಗುಂಡು ಬಟಾಣಿಗೆ ಒಂದು ಸುಕ್ಕು ಬಟಾಣಿ ಎಂಬ 3:1 ಅನ್ನು ಬೋರ್ಡಿನಲ್ಲಿ ನಾಲ್ಕು ಮನೆಯ ಚೌಕ ಬರೆದು ತೋರಿಸಿದರೆ ಪರೀಕ್ಷೆಯಲ್ಲಿ ಸರಿಯಾಗಿಯೇ ಬರೆಯುತ್ತಾರೆ. ಆದರೆ ತಲೆಯಲ್ಲಿ ಕೂರುವುದು "ನಾಲ್ಕರಲ್ಲಿ ಒಂದಕ್ಕೆ ಬಂದೇ ಬರ್ತದೆ" ಅನ್ನುವ ಮಾತು.

ಒಂದು ಆಟಿ ತಿಂಗಳು, ಮಳೆಗಾಲದಲ್ಲಿ, ಮನೆಯಲ್ಲಿ ಚೆನ್ನೆಮಣೆ (ಗುಳಿಗಳಿರುವ ಮರದ ಮಣೆಯಲ್ಲಿ ಕಾಯಿ ಹಂಚುವ ಆಟ) ಆಡುತ್ತಿದ್ದಾಗ ಉಪಾಯ ಹೊಳೆಯಿತು. ಎರಡು ಬಟ್ಟೆ ಚೀಲ ತಂದೆ. ಒಂದು ಅಪ್ಪ, ಇನ್ನೊಂದು ಅಮ್ಮ. ಎರಡರಲ್ಲೂ ಅರ್ಧ ಮಂಜೊಟ್ಟಿ ಕಾಯಿ (ಚೆನ್ನೆಮಣೆಗೆ ಬಳಸುವ ಕೆಂಪು ಬೀಜ), ಅರ್ಧ ಹುಣಸೆ ಬೀಜ. ಮಂಜೊಟ್ಟಿ ಅಂದರೆ ಗುಂಡು ಬಟಾಣಿಯ ಜೀನ್, ಪ್ರಬಲ. ಹುಣಸೆ ಬೀಜ ಸುಕ್ಕಿನದು, ದುರ್ಬಲ. ಒಂದೊಂದು ಚೀಲದಿಂದ ಒಂದೊಂದು ತೆಗೆಯಬೇಕು. ಎರಡೂ ಹುಣಸೆಯಾದರೆ ಮಾತ್ರ ಸುಕ್ಕು ಬಟಾಣಿ.

ಮೊದಲ ಸಲ ಲೆಕ್ಕವೇ ಕೆಟ್ಟಿತು. ಸುಕ್ಕು ತೀರಾ ಜಾಸ್ತಿ ಬಂತು. ಹತ್ತಿರ ಹೋಗಿ ನೋಡಿದೆ. ಮಂಜೊಟ್ಟಿ ನುಣುಪು, ಬೆರಳಿಂದ ಜಾರುತ್ತದೆ. ಹುಣಸೆ ಬೀಜ ಚಪ್ಪಟೆ, ಅಂಚು ಕೈಗೆ ಸಿಗುತ್ತದೆ. ಮಕ್ಕಳು ಬೇಕೆಂದು ಮಾಡಿದ್ದಲ್ಲ, ಬೆರಳೇ ಆರಿಸುತ್ತಿತ್ತು. ಎರಡಕ್ಕೂ ಸಮಾನ ಅವಕಾಶ ಇಲ್ಲದಿದ್ದರೆ ಸಂಭವನೀಯತೆಯ ಲೆಕ್ಕ ನಿಲ್ಲುವುದಿಲ್ಲ. ಮರುದಿನ ಬರೀ ಮಂಜೊಟ್ಟಿ ತಂದೆ. ಚೆನ್ನೆಮಣೆಯ 56 ಕಾಯಿ, ಚೀಲಕ್ಕೆ 28. ಪ್ರತಿ ಚೀಲದಲ್ಲೂ 14ಕ್ಕೆ ಬಿಳಿ ಪೇಂಟಿನ ಸಣ್ಣ ಚುಕ್ಕೆ, ಅದೇ ಈಗ ಸುಕ್ಕಿನ ಜೀನ್. ತೆಗೆದ ಕಾಯಿ ವಾಪಸ್ ಹಾಕಿ ಕುಲುಕುವುದು ಕಡ್ಡಾಯ.

ನಾಲ್ಕು ಸಲ ತೆಗೆದವರಲ್ಲಿ ಕೆಲವರಿಗೆ ಎರಡು ಸುಕ್ಕು, ಕೆಲವರಿಗೆ ಒಂದೂ ಇಲ್ಲ. "ನಮ್ಮದು ತಪ್ಪಾಯ್ತು ಟೀಚರ್" ಅಂದರು. ಕೂತು ಲೆಕ್ಕ ಹಾಕಿದೆವು. ನಾಲ್ಕರಲ್ಲಿ ಒಂದೂ ಸುಕ್ಕು ಬಾರದಿರುವ ಅವಕಾಶ ಮುಕ್ಕಾಲನ್ನು ನಾಲ್ಕು ಸಲ ಗುಣಿಸಿದಷ್ಟು, ಅಂದರೆ ಸುಮಾರು 32 ಶೇಕಡಾ. ಸರಿಯಾಗಿ 3:1 ಬರುವುದು ಸುಮಾರು 42 ಶೇಕಡಾ ಮಾತ್ರ! ಆಮೇಲೆ ಇಡೀ ಕ್ಲಾಸಿನ ಲೆಕ್ಕ ಕೂಡಿಸಿದಾಗ ಕಾಲು ಭಾಗದ ಹತ್ತಿರ ಬಂದು ನಿಂತಿತು. ಮೆಂಡೆಲ್ 7324 ಬಟಾಣಿ ಎಣಿಸಿದ್ದು ಯಾಕೆ ಅಂತ ಅವರಿಗೆ ಆಗ ಗೊತ್ತಾಯಿತು. ಅವನಿಗೆ ಸಿಕ್ಕಿದ್ದು 5474 ಗುಂಡು, 1850 ಸುಕ್ಕು. ಅವನಿಗೂ ಸರಿಯಾಗಿ 3:1 ಬಂದಿಲ್ಲ, ಅಲ್ವಾ?

ಆಮೇಲೆ ರಕ್ತದ ಅನುವಂಶೀಯ ಕಾಯಿಲೆ ಥಲಸ್ಸೇಮಿಯಾದ ವಿಷಯ ಬಂತು. ಅಪ್ಪ ಅಮ್ಮ ಇಬ್ಬರೂ ವಾಹಕರಾದರೆ, ಅಂದರೆ ಇಬ್ಬರಲ್ಲೂ ಕಾಯಿಲೆಯ ಒಂದೊಂದು ಜೀನ್ ಇದ್ದರೆ, ಪ್ರತಿ ಮಗುವಿಗೂ ಕಾಯಿಲೆ ಬರುವ ಅವಕಾಶ 25 ಶೇಕಡಾ. ಹಿಂದಿನ ಬೆಂಚಿನ ಒಬ್ಬಳು ಕೇಳಿದಳು: "ಮೊದಲ ಮಗುವಿಗೆ ಬಂದರೆ ಮುಂದಿನ ಮೂವರಿಗೆ ಭಯ ಇಲ್ಲ ಅಲ್ವಾ ಟೀಚರ್?"

ನಾನು ಕೇಳಬೇಕೆಂದಿದ್ದ ಪ್ರಶ್ನೆ ಅದು. ಚುಕ್ಕೆಯನ್ನು ಕಾಯಿಲೆಯ ಜೀನ್ ಅಂದುಕೋ ಅಂತ ಹೇಳಿ ಚೀಲಗಳನ್ನು ಅವಳ ಕೈಗೆ ಕೊಟ್ಟೆ. ಎರಡೂ ಚುಕ್ಕೆ ಬರುವ ತನಕ ತೆಗೆದಳು. ಬಂತು. "ಈಗ ವಾಪಸ್ ಹಾಕು ಮಗಾ, ಒಳಗೆ ಚುಕ್ಕೆಯದ್ದು ಎಷ್ಟುಂಟು ಎಣಿಸು" ಅಂದೆ. ಮೇಜಿನ ಮೇಲೆ ಸುರಿದು ನಿಧಾನಕ್ಕೆ ಎಣಿಸಿದಳು.

"ಹದಿನಾಲ್ಕೇ ಉಂಟು ಟೀಚರ್. ಎರಡರಲ್ಲೂ."