ಹಸಿರು ಲೇಸ್‌ವಿಂಗ್: ಪ್ರಭೇದದ ಹೆಸರು ಬರೆಯುವ ಮುನ್ನ

ಸಸ್ಯಹೇನುಗಳನ್ನು ಹೀರಿ ಮುಗಿಸುವ ಹಸಿರು ಲೇಸ್‌ವಿಂಗ್ ಕೀಟಕ್ಕೆ ನಮ್ಮ ದೇಶದ ಬರಹಗಳು ಬಹುಕಾಲ ‘ಕ್ರೈಸೋಪರ್ಲಾ ಕಾರ್ನಿಯಾ’ ಎಂಬ ಯುರೋಪಿನ ಪ್ರಭೇದದ ಹೆಸರನ್ನೇ ಕೊಟ್ಟವು. ಬೆಳೆಗಳಲ್ಲಿ ಹೆಚ್ಚಾಗಿ ಕಾಣುವುದು ‘ಕ್ರೈಸೋಪರ್ಲಾ ಝಾಸ್ಟ್ರೋವಿ ಸಿಲ್ಲೆಮಿ’ ಎಂದು 2010ರಲ್ಲಿ ಪ್ರಕಟವಾಯಿತು. ಕಾರ್ನಿಯಾ ಮತ್ತು ಅದರ ಹತ್ತಿರದ ಪ್ರಭೇದಗಳ ಈ ಗುಂಪಿನ ಗಂಡು, ಹೆಣ್ಣುಗಳು ಹೊಟ್ಟೆ ಅದುರಿಸಿ, ಕೂತ ಎಲೆಯ ಮೂಲಕವೇ ಪರಸ್ಪರ ಕರೆಯುತ್ತವೆ. ಕಣ್ಣಿಗೆ ಒಂದೇ ಥರ ಕಾಣುವ ಪ್ರಭೇದಗಳನ್ನು ಬೇರ್ಪಡಿಸಿದ್ದು ಮುಖ್ಯವಾಗಿ ಈ ಕಂಪನದ ಲಯ. ಹಸಿರು ಮೈ, ಹೊನ್ನಿನ ಕಣ್ಣು ನೋಡಿ ಹೆಸರು ಬರೆದರೆ ತಪ್ಪುವುದು ಖಚಿತ.

ಮುಸ್ಸಂಜೆ ಗಿಡಗಳ ಮೇಲೆ ಬಲೆ ಬೀಸಿ, ಇಲ್ಲವೇ ರಾತ್ರಿ ದೀಪದ ಬಳಿ ಹಿಡಿಯಿರಿ. ಜೀವಂತವಿದ್ದಾಗಲೇ ಮುಖ, ತಲೆಯ ಮೇಲ್ಭಾಗ, ಎದೆ, ಪಕ್ಕೆಗಳ ಫೋಟೊ ತೆಗೆಯಬೇಕು. ಸತ್ತ ಮೇಲೆ ಹಸಿರು ಹಳದಿಯಾಗುತ್ತದೆ. ಆಲ್ಕೋಹಾಲ್‌ನಲ್ಲಿ ಕೆನ್ನೆಯ ಕೆಂಪು ಗುರುತುಗಳೂ ಮಾಸುತ್ತವೆ. ನಂತರ ಈಥೈಲ್ ಅಸಿಟೇಟ್ ಹಾಕಿದ ಬಾಟಲಿಯಲ್ಲಿ ಕೊಂದು, ರೆಕ್ಕೆ ಬಿಡಿಸಿ ಪಿನ್ ಮಾಡಿ. ಅದೇ ಜಾಗದ ಇನ್ನೊಂದೆರಡನ್ನು ಡಿಎನ್‌ಎಗಾಗಿ ಶೇ 95ರ ಆಲ್ಕೋಹಾಲ್‌ನಲ್ಲಿ ತಂಪಾಗಿ ಇಡಿ. ಸ್ಥಳ, ಅಕ್ಷಾಂಶ–ರೇಖಾಂಶ, ದಿನಾಂಕ, ಗಿಡ, ಹಿಡಿದವರ ಹೆಸರು ಇರುವ ಚೀಟಿಯನ್ನು ಅಂದೇ ಬರೆಯಿರಿ. ಚೀಟಿಯಿಲ್ಲದ ಮಾದರಿ ಯಾವ ಕೆಲಸಕ್ಕೂ ಬಾರದು.

ಮೊದಲು ಕುಟುಂಬ. ಮುಂರೆಕ್ಕೆಯ ಮುಂದಂಚಿನುದ್ದಕ್ಕೂ ಇರುವ ಅಡ್ಡನರಗಳು ಕವಲೊಡೆಯದಿದ್ದರೆ ಅದು ಹಸಿರು ಲೇಸ್‌ವಿಂಗ್. ಕಂದು ಲೇಸ್‌ವಿಂಗ್‌ನಲ್ಲಿ ಅವುಗಳಲ್ಲಿ ಹಲವು ಕವಲೊಡೆದಿರುತ್ತವೆ. ಮರಿಹುಳು ಸಿಕ್ಕರೆ ಅದನ್ನೂ ನೋಡಿ. ಕ್ರೈಸೋಪರ್ಲಾ ಮರಿಯ ಬೆನ್ನು ಬರಿದು. ಹಸಿರು ಲೇಸ್‌ವಿಂಗ್‌ನ ಇನ್ನೊಂದು ಕುಲವಾದ ಮಲ್ಲಾಡಾದ ಮರಿ ಕಸ, ತಿಂದುಳಿದ ಹೇನಿನ ಸಿಪ್ಪೆಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಬರಿಬೆನ್ನಿನ ಮರಿಗಳು ಬೇರೆ ಕುಲಗಳಲ್ಲೂ ಇರುವುದರಿಂದ ಇದು ಸುಳಿವು ಮಾತ್ರ, ಸಾಕ್ಷ್ಯವಲ್ಲ.

ಸಾಕ್ಷ್ಯ ಸಿಗುವುದು ಗಂಡಿನ ಹೊಟ್ಟೆಯ ತುದಿಯಲ್ಲಿ. ತುದಿಯನ್ನು ಕತ್ತರಿಸಿ ಶೇ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒಂದು ರಾತ್ರಿ ಬಿಡಿ. ಅವಸರವಿದ್ದರೆ ಬಿಸಿ ಮಾಡಬಹುದು, ಆದರೆ ಕೆಲವು ನಿಮಿಷಕ್ಕೊಮ್ಮೆ ನೋಡುತ್ತಿರಬೇಕು. ಕಡಿಮೆಯಾದರೆ ಕೊಬ್ಬು ಉಳಿದು ಒಳಗಿನದು ಕಾಣದು. ಹೆಚ್ಚಾದರೆ ತೆಳು ಭಾಗಗಳು ಗಾಜಿನಷ್ಟು ಪಾರದರ್ಶಕವಾಗಿ ಅಂಚೇ ಗೊತ್ತಾಗದು. ಕ್ಷಾರ ಕೈಗೆ, ಕಣ್ಣಿಗೆ ತಾಗದಿರಲಿ. ನೀರಿನಲ್ಲಿ ತೊಳೆದು, ಒಂದೆರಡು ಹನಿ ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿ, ಗ್ಲಿಸರಿನ್‌ಗೆ ಹಾಕಿ ಸೂಕ್ಷ್ಮದರ್ಶಕದಡಿ ಇಡಿ. ಗಂಡಿನ ಜನನಾಂಗದ ಗಟ್ಟಿ ಭಾಗಗಳಲ್ಲಿ, ಕ್ರೈಸೋಪರ್ಲಾದಲ್ಲಿ ಕಮಾನಿನಂಥ ‘ಟಿಗ್ನಮ್’ ಇರುತ್ತದೆ, ‘ಗೊನಾಪ್ಸಿಸ್’ ಇರುವುದಿಲ್ಲ. ಕಾರ್ನಿಯಾ ಗುಂಪಿನೊಳಗೆ ಹೋಲಿಸಲು ಹೊಟ್ಟೆಯ ತುದಿಯ ತುಟಿಯಂಥ ಚಾಚಿನ ಆಕಾರ, ಕೂದಲಿನ ಬಣ್ಣ, ಕಾಲುಗುರಿನ ಬುಡದ ಉಬ್ಬು ಕೊಕ್ಕೆಗೆ ಹೋಲಿಸಿದರೆ ಎಷ್ಟು ಅಗಲ ಎಂಬುದನ್ನು ಬರೆದುಕೊಳ್ಳಿ. ಹಲವು ಮಾದರಿಗಳನ್ನು ಅಳೆಯಿರಿ; ಒಂದೇ ಕೀಟದ ಅಳತೆಯನ್ನು ಇಡೀ ಪ್ರಭೇದಕ್ಕೆ ಅಂಟಿಸಬಾರದು.

ಹೊಸ ಪ್ರಭೇದವೆಂದೇ ತೋರಿದರೆ ಮೊದಲು ಹತ್ತಿರದ ಪ್ರಭೇದಗಳ ಮೂಲ ಮಾದರಿಗಳೊಂದಿಗೆ ಹೋಲಿಸಬೇಕು. ವಿವರಣೆಯಲ್ಲಿ ಒಂದೇ ಒಂದು ಮಾದರಿಯನ್ನು ಹೊಲೋಟೈಪ್ (ಹೊಸ ಹೆಸರಿಗೆ ಆಧಾರವಾಗುವ ಮಾದರಿ) ಎಂದು ಗುರುತಿಸಿ, ಅದನ್ನು ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದಂಥ ಸಾರ್ವಜನಿಕ ಸಂಗ್ರಹದಲ್ಲಿಡಿ. ಚಿತ್ರಗಳಿಗೆಲ್ಲ ಅಳತೆಗೆರೆ ಬೇಕು. ಆನ್‌ಲೈನ್ ಪತ್ರಿಕೆಯಲ್ಲಿ ಮಾತ್ರ ಪ್ರಕಟಿಸುವುದಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ಆನ್‌ಲೈನ್ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಕಡ್ಡಾಯ. ಹೆಣ್ಣುಗಳಷ್ಟೇ ಸಿಕ್ಕು ಗುರುತು ಸಂದೇಹವಾಗಿದ್ದರೆ ಚೀಟಿಯಲ್ಲಿ ಕುಲದ ಹೆಸರಿಗೇ ನಿಲ್ಲಿಸಿ, ಗಂಡು ಸಿಗುವವರೆಗೆ ಕಾಯಿರಿ.